ಮುಗಿಯದ ಆಟಕ್ಕೆ ಮುಂಗಡ ಹಣ

ಸ್ಮರಣ ಸಂಚಿಕೆಯ ಸಂಪಾದಕ ಮಿತ್ರರು ಈ ವರ್ಷ ಆರೋಗ್ಯಕ್ಕೆ ಸಂಬಂಧಿಸಿದ ಒಂದು ಲೇಖನವನ್ನು ಬರೆದುಕೊಡಬೇಕೆಂದು ಕೇಳಿದಾಗ ನನಗೆ ಸಂಕೋಚವಾಯಿತು. ನಾನು ವೈದ್ಯನಲ್ಲ, ವಾಣಿಜ್ಯಶಾಸ್ತ್ರದ ಪದವಿ ಪಡೆದು ಇಪ್ಪತ್ತೆರಡು ವರ್ಷಗಳಿಂದ ಬ್ಯಾಂಕಿನ ಸಾಲ ಮತ್ತು ಮುಂಗಡಗಳ ಮೇಜಿನ ಹಿಂದೆ ಕುಳಿತವನು. ರಕ್ತದೊತ್ತಡ, ಮಧುಮೇಹಗಳ ವಿಷಯವನ್ನು ಬಲ್ಲವರು ಇದೇ ಸಂಚಿಕೆಯಲ್ಲಿ ಬರೆದಿರುತ್ತಾರೆ. ನಾನು ಬರೆಯಹೊರಟಿರುವುದು ನಮ್ಮ ಮನೆಯಲ್ಲಿ ನಡೆದ ಒಂದು ಸಣ್ಣ ವ್ಯವಹಾರದ ಬಗೆಗೆ. ಅದರಲ್ಲಿ ಆರೋಗ್ಯದ ಅಂಶ ಎಷ್ಟಿದೆಯೆಂಬುದನ್ನು ವಾಚಕರೇ ತೀರ್ಮಾನಿಸಲಿ.

ಕಾಶಿಯಲ್ಲಿ ಹನುಮಾನ್ ಘಾಟಿಗೂ ಹರಿಶ್ಚಂದ್ರ ಘಾಟಿಗೂ ಸಮೀಪದಲ್ಲಿ, 1910ರಲ್ಲಿ ಮೈಸೂರು ಸಂಸ್ಥಾನದವರು ಕಟ್ಟಿಸಿದ ಸೋಪಾನಗಳಿವೆ. ಇಂದು ಅದನ್ನು ಕರ್ನಾಟಕ ಘಾಟ್ ಎಂದು ಕರೆಯುತ್ತಾರೆ. ವರ್ಗವಾಗಿ ಇಲ್ಲಿಗೆ ಬಂದಾಗಿನಿಂದ ಭಾನುವಾರ ಸಂಜೆ ಅಲ್ಲಿ ಹೋಗಿ ಕೂರುವುದು ನಮಗೆ ಅಭ್ಯಾಸವಾಗಿದೆ. ನಮ್ಮೊಡನೆಯೇ ಬಂದಿದ್ದ ನನ್ನ ತಾಯಿಯವರು ಕಳೆದ ಕಾರ್ತಿಕದಲ್ಲಿ ತೀರಿಕೊಂಡರು. ಹರಿಶ್ಚಂದ್ರ ಘಾಟಿನಲ್ಲಿಯೇ ಅವರ ದಹನವಾಯಿತು. ಆ ಬಳಿಕ ಕೆಲವು ತಿಂಗಳು ನನ್ನ ಮಗ ಆ ಕಡೆಗೆ ಬರುತ್ತಿರಲಿಲ್ಲ. ಮತ್ತೆ ಬರತೊಡಗಿದ ಒಂದು ಸಂಜೆ, ಬಹಳ ಹೊತ್ತು ಹೊಳೆಯನ್ನು ನೋಡುತ್ತ ಕುಳಿತಿದ್ದವನು, "ಅಪ್ಪಾ, ಅಜ್ಜಿ ಕೊಟ್ಟ ದುಡ್ಡಿನಲ್ಲಿ ಒಂದು ಆಟ ತೆಗೆದುಕೊಳ್ಳಲೇ?" ಎಂದನು.

ಅವನಿಗೆ ಈಗ ಹದಿನೇಳು. ಹತ್ತನೆಯ ತರಗತಿಯಲ್ಲಿ ಉತ್ತೀರ್ಣನಾದಾಗ ನನ್ನ ತಾಯಿಯವರು ತಮ್ಮ ಪಿಂಚಣಿಯಿಂದ ಐದು ಸಾವಿರ ರೂಪಾಯಿಗಳನ್ನು ಅವನ ಉಳಿತಾಯ ಖಾತೆಗೆ ಹಾಕಿಸಿದ್ದರು. "ನಿನಗೆ ಬೇಕೆನಿಸಿದ್ದಕ್ಕೆ ಖರ್ಚು ಮಾಡು, ನಿಮ್ಮಪ್ಪನನ್ನು ಕೇಳಬೇಡ, ಅವನು ಲೆಕ್ಕ ಹಾಕುತ್ತಾನೆ" ಎಂದೂ ಹೇಳಿದ್ದರಂತೆ. ಎರಡು ವರ್ಷ ಅವನು ಆ ಹಣವನ್ನು ಮುಟ್ಟಿರಲಿಲ್ಲ. ಅಜ್ಜಿಯ ಮಾತನ್ನು ಮೀರಿ ನನ್ನನ್ನು ಕೇಳಿದುದರಿಂದ ನಾನೂ ಸುಮ್ಮನೆ ಹೂಂ ಎನ್ನಲಾರದೆ ಹೋದೆ.

ಆಟದ ಬೆಲೆ ಸಾವಿರದ ಮುನ್ನೂರು ರೂಪಾಯಿ. ಅಂತರಜಾಲದ ಮೂಲಕ ಗೆಳೆಯರೊಡನೆ ಕೂಡಿ ಆಡುವಂಥದು. "ಇನ್ನೂ ಪೂರ್ತಿ ತಯಾರಾಗಿಲ್ಲ, ಅರ್ಲಿ ಆಕ್ಸೆಸ್‌ನಲ್ಲಿದೆ" ಎಂದನು. ತಯಾರಾಗದ ಪದಾರ್ಥಕ್ಕೆ ಹಣವೇಕೆಂದು ಕೇಳಿದೆ. "ಮುಗಿದ ಮೇಲೆ ಬೆಲೆ ಏರುತ್ತದೆ ಅಪ್ಪಾ. ಈಗ ತೆಗೆದುಕೊಂಡರೆ ಲಾಭ." ಲಾಭವೆಂಬ ಪದವನ್ನು ಬ್ಯಾಂಕಿನವನ ಎದುರಿಗೆ ಅವನು ಉಚ್ಚರಿಸಬಾರದಿತ್ತು.

ಅಲ್ಲಿಂದ ಮುಂದೆ ಎರಡು ವಾರ ನಾನು ಈ ವ್ಯಾಪಾರದ ಸ್ವರೂಪವನ್ನು ತಿಳಿದುಕೊಳ್ಳಲು ತೊಡಗಿದೆ. ಸಾಲದ ಅರ್ಜಿಯೊಂದು ಬಂದರೆ ಹೇಗೋ ಹಾಗೆ.

ಆಟವನ್ನು ಅರ್ಧ ಕಟ್ಟಿರುವಾಗಲೇ ಮಾರಾಟಕ್ಕಿಟ್ಟು, ಬಂದ ಹಣದಿಂದ ಉಳಿದುದನ್ನು ಕಟ್ಟುವುದು, ಕೊಂಡವರಿಂದ ದೋಷಗಳನ್ನು ಕೇಳಿ ತಿದ್ದುವುದು, ಇದು ಪದ್ಧತಿ. ಸ್ವೀಡನ್ನಿನಲ್ಲಿ ಹುಟ್ಟಿದ ಮೈನ್‌ಕ್ರಾಫ್ಟ್ 2009ರಿಂದಲೇ ಅಪೂರ್ಣಾವಸ್ಥೆಯಲ್ಲಿ ಮಾರಾಟವಾಗಿ 2011ರ ನವೆಂಬರಿನಲ್ಲಿ ಪೂರ್ಣಗೊಂಡಿತು. ಮೊದಲು ಕೊಂಡವರು ಕಡಿಮೆ ಬೆಲೆಗೆ ಪಡೆದರು. ಅಮೆರಿಕದ ವಾಲ್ವ್ ಸಂಸ್ಥೆ ತನ್ನ ಸ್ಟೀಮ್ ಮಾರುಕಟ್ಟೆಯಲ್ಲಿ 2013ರ ಮಾರ್ಚಿನಲ್ಲಿ ಇದಕ್ಕೊಂದು ಪ್ರತ್ಯೇಕ ವಿಭಾಗವನ್ನೇ ತೆರೆಯಿತು. ಅಲ್ಲಿ ಇಂಥ ಪ್ರತಿಯೊಂದು ಆಟದ ಮೇಲೂ ಎಚ್ಚರಿಕೆಯ ಫಲಕವಿರುತ್ತದೆ: ಈಗಿರುವ ಸ್ಥಿತಿಯಲ್ಲಿ ಆಡಲು ಉತ್ಸಾಹವಿಲ್ಲದಿದ್ದರೆ ಕಾದು ನೋಡಿರಿ ಎಂಬ ಅರ್ಥದ್ದು. ಮಾರುವವನೇ ಹೀಗೆ ಹೇಳುವುದು ಅಪರೂಪ. ಆದರೆ ಸಾಲಪತ್ರದ ಸಣ್ಣಕ್ಷರಗಳನ್ನು ಓದದೆ ರುಜು ಹಾಕುವವರನ್ನು ದಿನವೂ ಕಾಣುವ ನನಗೆ, ಆ ಫಲಕವನ್ನು ಎಷ್ಟು ಹುಡುಗರು ಓದುತ್ತಾರೆಂಬ ವಿಷಯದಲ್ಲಿ ಭ್ರಮೆಯಿಲ್ಲ.

ಬೆಲೆ ಏರುತ್ತದೆಂಬ ಮಾತು ಸರ್ವತ್ರ ನಿಜವಲ್ಲ. ಹೇಡಿಸ್ ಎಂಬ ಆಟ 2018ರ ಡಿಸೆಂಬರಿನಲ್ಲಿ ಅಪೂರ್ಣವಾಗಿ ಹೊರಬಂದು 2020ರ ಸೆಪ್ಟೆಂಬರಿನಲ್ಲಿ ಮುಗಿದಾಗ ಇಪ್ಪತ್ತು ಡಾಲರಿನಿಂದ ಇಪ್ಪತ್ತೈದಕ್ಕೆ ಏರಿತು. ಬಾಲ್ಡರ್ಸ್ ಗೇಟ್ 3 ಮಾತ್ರ 2020ರ ಅಕ್ಟೋಬರಿನಲ್ಲಿ ಕಥೆಯ ಮೊದಲ ಭಾಗವನ್ನಷ್ಟೇ ಒಳಗೊಂಡಿದ್ದರೂ ಪೂರ್ಣ ಬೆಲೆಗೇ ಮಾರಾಟವಾಯಿತು. 2023ರ ಆಗಸ್ಟಿನಲ್ಲಿ ಮುಗಿದಾಗ ಬೆಲೆಯ ಮಟ್ಟಿಗೆ ಕೊಂಡವರು ಕಳೆದುಕೊಂಡದ್ದೇನೂ ಇಲ್ಲ, ಗಳಿಸಿದ್ದೂ ಇಲ್ಲ. ಆಟವಂತೂ ಅತ್ಯುತ್ತಮವೆನಿಸಿಕೊಂಡಿತು. ಸುಮಾರು ಮೂರು ವರ್ಷ ಮೊದಲೇ ಹಣ ಕೊಟ್ಟವನಿಗೆ ಬಡ್ಡಿಯ ಲೆಕ್ಕ ಹಾಕಿದರೆ ನಷ್ಟವೇ ಎಂದು ಹೇಳಿದೆ. "ಆ ಮೂರು ವರ್ಷ ಅವನು ಆಡಿದನಲ್ಲಾ ಅಪ್ಪಾ?" ಎಂದನು. ಈ ಉತ್ತರಕ್ಕೆ ಪ್ರತ್ಯುತ್ತರ ನನ್ನಲ್ಲಿರಲಿಲ್ಲ.

ಇನ್ನೊಂದು ಪಕ್ಕದ ಲೆಕ್ಕವೂ ಇದೆ. ಡೇಝಡ್ ಎಂಬ ಆಟ 2013ರ ಡಿಸೆಂಬರಿನಲ್ಲಿ ಮಾರಾಟಕ್ಕೆ ಬಂದು ಪೂರ್ಣವೆನಿಸಿಕೊಳ್ಳಲು 2018ರ ಡಿಸೆಂಬರ್ ಆಯಿತು. ಕರ್ಬಲ್ ಸ್ಪೇಸ್ ಪ್ರೋಗ್ರಾಮ್ 2 ಎಂಬುದು 2023ರ ಫೆಬ್ರವರಿಯಲ್ಲಿ ಐವತ್ತು ಡಾಲರಿಗೆ ಬಂದಿತು. ಮರುವರ್ಷ ಅದನ್ನು ಕಟ್ಟುತ್ತಿದ್ದ ತಂಡವನ್ನೇ ಮುಚ್ಚಿದರು. ಇವೆಲ್ಲಕ್ಕಿಂತ ವಿಚಿತ್ರವಾದುದು ದಿ ಡೇ ಬಿಫೋರ್ ಎಂಬ ಆಟದ ಕಥೆ. 2023ರ ಡಿಸೆಂಬರ್ 7ರಂದು ಮಾರಾಟ ಆರಂಭ. ನಾಲ್ಕೇ ದಿನಗಳಲ್ಲಿ ತಯಾರಕರು ಅಂಗಡಿ ಮುಚ್ಚುವುದಾಗಿ ಸಾರಿದರು. 2024ರ ಜನವರಿ 22ರಂದು ಸರ್ವರ್‌ಗಳು ನಿಂತುವು. ಕೊಂಡವರಿಗೆ ಹಣ ಹಿಂದಿರುಗಿತೆಂಬುದೊಂದೇ ಸಮಾಧಾನ.

ಸರ್ವರ್ ಎಂಬುದನ್ನು ಹಿರಿಯ ವಾಚಕರಿಗಾಗಿ ಸ್ವಲ್ಪ ವಿವರಿಸಬೇಕು. ಜಾಲದ ಆಟ ನಮ್ಮ ಮನೆಯ ಯಂತ್ರದಲ್ಲಿ ಪೂರ್ತಿಯಾಗಿ ಇರುವುದಿಲ್ಲ. ಎಲ್ಲರೂ ಕೂಡುವ ಅಂಗಣ ದೂರದೇಶದ ಯಾವುದೋ ಗಣಕದಲ್ಲಿರುತ್ತದೆ. ಅದರ ಬಾಗಿಲು ಮುಚ್ಚಿದರೆ ಕೊಂಡವನ ಕೈಯಲ್ಲಿ ಉಳಿಯುವುದು ರಸೀದಿ. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟಿನ ಎಂಟು ಸಂಪುಟಗಳು ಮುಗಿದದ್ದು 1995ರಲ್ಲಿ. ಮೊದಲ ಸಂಪುಟವನ್ನು ಕೊಂಡವರು ದಶಕಗಳ ಕಾಲ ಕಾದರು. ಆದರೆ ಆ ಮೊದಲ ಸಂಪುಟ ತನ್ನಷ್ಟಕ್ಕೆ ಪೂರ್ಣವಾಗಿತ್ತು, ಕಪಾಟಿನಲ್ಲಿತ್ತು, ಕೊನೆಯ ಸಂಪುಟ ಬಾರದೆ ಹೋಗಿದ್ದರೂ ಅದರ ಪದಗಳು ಅಳಿಸಿಹೋಗುತ್ತಿರಲಿಲ್ಲ. ಬಿಡಿಯಾಗಿ ಬರುವ ಪದಾರ್ಥವನ್ನು ಕೊಳ್ಳುವಾಗ ನಾನು ನೋಡುವುದು ಇದನ್ನೇ: ಇಂದು ಕೈಗೆ ಬಂದ ಭಾಗವಷ್ಟಕ್ಕೇ ಈ ಬೆಲೆ ತಕ್ಕುದೋ, ಅಲ್ಲವೋ?

ಈ ದೃಷ್ಟಿ ನನಗೆ ಪುಸ್ತಕದಿಂದ ಬಂದುದಲ್ಲ. ಹದಿನೈದು ವರ್ಷಗಳ ಹಿಂದೆ ಬೆಂಗಳೂರಿನ ಹೊರವಲಯದ ಒಂದು ಬಡಾವಣೆಯ ನಿವೇಶನಕ್ಕೆ, ಬಣ್ಣದ ನಕ್ಷೆಯನ್ನು ಮಾತ್ರ ನೋಡಿ, ಮೂರು ಲಕ್ಷ ಮುಂಗಡ ಕೊಟ್ಟೆ. ಉದ್ಯಾನ, ಈಜುಕೊಳ, ಮಂಟಪ ಎಲ್ಲವೂ ನಕ್ಷೆಯಲ್ಲಿದ್ದುವು. ಅಲ್ಲಿ ಇಂದಿಗೂ ಜಾಲಿಮರಗಳಿವೆ. ಸಾಲಗಾರರ ಕಾಗದಪತ್ರಗಳನ್ನು ಏಳು ಸಲ ತಿರುವಿ ನೋಡುವವನು ಸ್ವಂತ ಹಣದ ವಿಷಯದಲ್ಲಿ ಹೀಗೆ ಮಾಡಿದೆನೆಂದು ನನ್ನ ತಾಯಿಯವರು ಕೊನೆಯವರೆಗೂ ಹಾಸ್ಯ ಮಾಡುತ್ತಿದ್ದರು. 2016ರ ರಿಯಲ್ ಎಸ್ಟೇಟ್ ಕಾಯಿದೆ ಬಂದ ಮೇಲೆ ಲಿಖಿತ ಒಪ್ಪಂದವಿಲ್ಲದೆ ಶೇಕಡಾ ಹತ್ತಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಕೊಂಡವರಿಂದ ಬಂದ ಹಣದಲ್ಲಿ ಶೇಕಡಾ ಎಪ್ಪತ್ತನ್ನು ಆ ಕಾಮಗಾರಿಗೆಂದೇ ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿಡಬೇಕು. ಆಟದ ತಯಾರಕನಿಗೆ ಅಂಥ ಕಟ್ಟುಪಾಡಿಲ್ಲ. ನಮ್ಮ ಹಣ ಠೇವಣಿಯಲ್ಲ, ಸಾಲವಲ್ಲ, ಷೇರೂ ಅಲ್ಲ. ಆಟ ಕೋಟಿಗಟ್ಟಲೆ ಗಳಿಸಿದರೂ ಮೊದಲು ಹಣ ಕೊಟ್ಟವನಿಗೆ ಡಿವಿಡೆಂಡ್ ಬರುವುದಿಲ್ಲ.

ಕೊಂಡವನಿಗಿರುವ ರಕ್ಷಣೆ ಒಂದೇ. ಸ್ಟೀಮ್‌ನಲ್ಲಿ 2015ರಿಂದ, ಕೊಂಡ ಹದಿನಾಲ್ಕು ದಿನಗಳೊಳಗೆ ಮತ್ತು ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣವನ್ನು ಹಿಂದಕ್ಕೆ ಕೇಳಬಹುದು. ಅಪೂರ್ಣ ಆಟಕ್ಕೂ ಇದು ಅನ್ವಯಿಸುತ್ತದೆ. ಎರಡು ಗಂಟೆ ಅಲ್ಪಕಾಲವೆಂದು ಮಗನ ಆಕ್ಷೇಪ. ಸಾವಿರದ ಮುನ್ನೂರು ರೂಪಾಯಿಯ ಅಂಗಿಯನ್ನು ಎರಡು ಗಂಟೆ ತೊಟ್ಟು ಯಾವ ಅಂಗಡಿಗೆ ಹಿಂದಿರುಗಿಸಬಹುದೆಂದು ನನ್ನ ಪ್ರಶ್ನೆ.

ಆರೋಗ್ಯದ ಮಾತಿಗೆ ಬರುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ 2019ರ ಮೇ ತಿಂಗಳಲ್ಲಿ ಅಂಗೀಕರಿಸಿ, 2022ರ ಜನವರಿಯಿಂದ ಜಾರಿಗೆ ತಂದ ರೋಗಗಳ ವರ್ಗೀಕರಣದಲ್ಲಿ ಗೇಮಿಂಗ್ ವ್ಯಾಧಿಯೂ ಸೇರಿದೆ. ಆಟದ ಮೇಲೆ ಹಿಡಿತ ತಪ್ಪುವುದು, ಉಳಿದ ಕೆಲಸಗಳಿಗಿಂತ ಆಟವೇ ಮುಖ್ಯವಾಗುವುದು, ಹಾನಿ ಕಂಡರೂ ಬಿಡಲಾಗದಿರುವುದು, ಇವು ಸಾಮಾನ್ಯವಾಗಿ ಹನ್ನೆರಡು ತಿಂಗಳಾದರೂ ಮುಂದುವರಿದಿದ್ದರೆ ಅದು ವ್ಯಾಧಿ. ಭಾನುವಾರ ಮೂರು ಗಂಟೆ ಆಡಿದ ಹುಡುಗ ರೋಗಿಯಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ತಂತ್ರಜ್ಞಾನದ ಆರೋಗ್ಯಕರ ಬಳಕೆಗೆಂದೇ 2014ರಲ್ಲಿ ಷಟ್ ಕ್ಲಿನಿಕ್ ಆರಂಭವಾಗಿದೆಯೆಂಬುದನ್ನು ಮಾತ್ರ ತಂದೆತಾಯಿಗಳು ತಿಳಿದಿರುವುದು ಒಳ್ಳೆಯದು. ಅಪೂರ್ಣ ಆಟದಲ್ಲಿ ನನಗೆ ಕಂಡ ವಿಶೇಷ ತೊಡಕೆಂದರೆ, ಅದಕ್ಕೆ ಮುಕ್ತಾಯವೇ ಇಲ್ಲ. ಮುಗಿದ ಆಟವನ್ನು ಗೆದ್ದು ಮೂಲೆಗಿಡಬಹುದು. ಇದರಲ್ಲಿ ತಿಂಗಳಿಗೊಂದು ಹೊಸ ಕೋಣೆ ತೆರೆಯುತ್ತದೆ, ಮತ್ತೆ ಕರೆ ಬರುತ್ತದೆ. ನಿದ್ದೆಯೂ ಬೆಲೆಯ ಭಾಗವೇ ಅಲ್ಲವೆ? ಹಣವನ್ನು ಪಣವಾಗಿಟ್ಟು ಆಡುವ ಜಾಲದ ಆಟಗಳು ಬೇರೆಯೇ ಜಾತಿ. 2025ರ ಆಗಸ್ಟಿನ ಕೇಂದ್ರ ಕಾಯಿದೆ ಅವುಗಳನ್ನು ನಿಷೇಧಿಸಿದೆ. ಇದನ್ನೂ ಅದನ್ನೂ ಬೆರೆಸಿ ಮಕ್ಕಳನ್ನು ಗದರಿಸುವುದು ಸರಿಯಲ್ಲ.

ಮುಂದಿನ ಭಾನುವಾರ ಮತ್ತೆ ಅದೇ ಮೆಟ್ಟಿಲುಗಳ ಮೇಲೆ ಕುಳಿತೆವು. ಪಕ್ಕದ ಘಾಟಿನಲ್ಲಿ ಹೊಗೆ ಏಳುತ್ತಿತ್ತು. ರಾಘವಾಂಕನ ಕಾವ್ಯದ ನಕ್ಷತ್ರಿಕನ ವಿಷಯವನ್ನು ಅವನಿಗೆ ಹೇಳಿದೆ: ವಿಶ್ವಾಮಿತ್ರನಿಗೆ ಸಲ್ಲಬೇಕಾದ ಸಾಲವನ್ನು ವಸೂಲು ಮಾಡಲು ಹರಿಶ್ಚಂದ್ರನ ಬೆನ್ನು ಹತ್ತಿ ಕಾಶಿಯವರೆಗೂ ಬಂದವನು, ನಮ್ಮ ವಸೂಲಾತಿ ವಿಭಾಗದ ಮೂಲಪುರುಷ. ಕೊಟ್ಟ ಮಾತಿಗಾಗಿ ಹೆಂಡತಿ ಮಗನನ್ನೂ ತನ್ನನ್ನೂ ಮಾರಿಕೊಂಡ ದೊರೆಯ ಹೆಸರಿನ ಘಾಟಿನ ಹತ್ತಿರ ಕುಳಿತು, ಕಾಣದವನೊಬ್ಬನ ಮಾತನ್ನು ನಂಬಿ ಹಣ ಕೊಡಬೇಕೇ ಎಂದು ಚರ್ಚಿಸುತ್ತಿದ್ದೇವಲ್ಲ ಎಂದೆ. ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಜ್ಜಿ ಇದ್ದಿದ್ದರೆ ಇಷ್ಟು ಹೊತ್ತಿಗೆ ಕೊಂಡು ಆಡಿಯೂ ಆಗಿರುತ್ತಿತ್ತು" ಎಂದನು. ಇಬ್ಬರೂ ನಕ್ಕೆವು. ಅವರು ಹೋದ ಮೇಲೆ ಅವರ ಮಾತು ಬಂದಾಗ ನಾವಿಬ್ಬರೂ ಕೂಡಿ ನಕ್ಕದ್ದು ಅದೇ ಮೊದಲು.

ಅವನು ಕೊಂಡನು. ಒಂದು ಗಂಟೆ ನಲವತ್ತು ನಿಮಿಷ ಆಡಿ, ಸರ್ವರ್ ಮೂರು ಸಲ ಕೈಕೊಟ್ಟಿತೆಂದು ತಾನೇ ಹಣವನ್ನು ಹಿಂದಕ್ಕೆ ಕೇಳಿದನು. ಅದು ಒಂದು ವಾರದೊಳಗೆ ಖಾತೆಗೆ ಬಂದಿತು. ಆಮೇಲೆ ಬೇರೊಂದು ಆಟವನ್ನು ಆರಿಸಿದನು, ಅದೂ ಅಪೂರ್ಣವೇ. ಆದರೆ ಈ ಸಲ ಹಿಂದಿನ ಒಂದು ವರ್ಷದಲ್ಲಿ ಯಾವ ಯಾವ ತಿಂಗಳು ಪರಿಷ್ಕರಣೆ ಬಂದಿದೆಯೆಂಬುದನ್ನು ಒಂದು ಹಾಳೆಯ ಮೇಲೆ ಬರೆದುಕೊಂಡು ಬಂದಿದ್ದನು, ಇತರರು ಆಡಿದ ದೃಶ್ಯಗಳನ್ನು ನೋಡಿದ್ದನು, ಸರ್ವರ್ ನಿಂತರೂ ಮನೆಯಲ್ಲಿ ಒಬ್ಬನೇ ಆಡಬಹುದೆಂಬುದನ್ನು ಖಚಿತಪಡಿಸಿಕೊಂಡಿದ್ದನು. ಬೆಲೆ ಎಂಟುನೂರ ಎಂಬತ್ತು. ಪಾಸ್‌ಬುಕ್ಕಿನಲ್ಲಿ ಅಜ್ಜಿಯ ಐದು ಸಾವಿರದ ಜಮೆಯ ಕೆಳಗೆ ಈಗ ಈ ಮೂರು ನಮೂದುಗಳಿವೆ.

ಆಟ ಇನ್ನೂ ಮುಗಿದಿಲ್ಲ. ಮೊನ್ನೆಯ ಪರಿಷ್ಕರಣೆಯಲ್ಲಿ ಅದಕ್ಕೊಂದು ನದಿ ಸೇರಿದೆಯಂತೆ. ನದಿಗೆ ಇಳಿಯಲು ಮೆಟ್ಟಿಲುಗಳನ್ನೇ ಕಟ್ಟಿಲ್ಲವೆಂದು ಇವನು ತಯಾರಕರಿಗೆ ದೂರು ಬರೆದು ಕಳುಹಿಸಿದ್ದಾನೆ.