ಮಂಗರವಳ್ಳಿಗೆ ನೀರು ಹೆಚ್ಚಾದರೆ



ಬೇಲಿಯ ಮೇಲೆ ಯಾರ ಆರೈಕೆಯೂ ಇಲ್ಲದೆ ಹಬ್ಬುವ ಮಂಗರವಳ್ಳಿಯನ್ನು ನೀವೆಲ್ಲ ಬಲ್ಲಿರಿ. ತೆಲುಗಿನವರು ಇದಕ್ಕೆ ನಲ್ಲೇರು ಎನ್ನುತ್ತಾರೆ. ನಾಲ್ಕು ಮೂಲೆಯ ರಸಭರಿತ ದಂಟಿನ ಈ ಬಳ್ಳಿ ದ್ರಾಕ್ಷಿಯ ಕುಟುಂಬಕ್ಕೆ ಸೇರಿದ್ದು. ಎರಡು ವರ್ಷಗಳ ಹಿಂದೆ ನಮ್ಮ ಸಭೆಯ ವೃದ್ಧ ತಾಯಿಯೊಬ್ಬರು ಒಂದು ತುಂಡು ತಂದು, “ಫಾದರ್, ಕುಂಡದಾಗ ಹಚ್ರಿ, ಮೊಣಕಾಲಿಗೆ ಒಳ್ಳೇದು” ಎಂದು ಕೊಟ್ಟಿದ್ದರು. ಅವರು ಈಗಿಲ್ಲ. ಅವರು ಕೊಟ್ಟ ಬಳ್ಳಿಯನ್ನು ಕಳೆದ ಮಳೆಗಾಲದಲ್ಲಿ ನಾವೇ ಕೊಲ್ಲುವುದರಲ್ಲಿದ್ದೆವು.

ಎಲೆ ಉದುರುವುದನ್ನು ಕಂಡು ಬಾಯಾರಿಕೆ ಎಂದು ತಿಳಿದು ದಿನಾಲೂ ಒಂದು ಚೆಂಬು ನೀರು ಹಾಕಿದೆವು. ಎಲೆ ಉದುರುವುದು ಈ ಬಳ್ಳಿಗೆ ಸಹಜ; ಹಸಿರು ದಂಟೇ ಆಹಾರ ತಯಾರಿಸುತ್ತದೆ, ನೀರನ್ನೂ ಕೂಡಿಡುತ್ತದೆ. ಕುಂಡಕ್ಕೆ ತುಂಬಿದ್ದು ಹೊಲದ ಎರೆಮಣ್ಣು. ಅದು ನೆನೆದರೆ ಉಬ್ಬಿ ಗಾಳಿಗೆ ದಾರಿ ಬಿಡದು. ಗಾಳಿಯಿಲ್ಲದ ಬೇರು ಸಾಯುತ್ತದೆ, ಸತ್ತ ಬೇರಿಗೆ ಶಿಲೀಂಧ್ರ ಹತ್ತುತ್ತದೆ. ಹತ್ತಿ ಬೆಳೆಯುವವರಿಗೆ ಇದನ್ನು ನಾವು ಹೇಳಬೇಕೆ!

ದಂಟನ್ನು ಒತ್ತಿ ನೋಡಿರಿ. ಸುಕ್ಕುಗಟ್ಟಿದ್ದರೂ ಗಟ್ಟಿಯಿದ್ದರೆ ನೀರು ಬೇಕು. ಬುಡ ಕಂದಾಗಿ ಮೆತ್ತಗಾಗಿ ವಾಸನೆ ಬಂದರೆ ಕೊಳೆತಿದೆ. ಆಗ ನೀರು ನಿಲ್ಲಿಸಿದರೆ ಸಾಲದು. ಬಳ್ಳಿಯನ್ನು ಕಿತ್ತು, ಬೆಂಕಿಗೆ ಹಿಡಿದು ಆರಿಸಿದ ಚಾಕುವಿನಿಂದ, ಒಳಗಿನ ಕಂದು ಬಣ್ಣ ಪೂರ್ತಿ ಹೋಗುವವರೆಗೆ ಮೇಲಕ್ಕೆ ಕತ್ತರಿಸುತ್ತ ಹೋಗಿರಿ. ಅದರ ರಸ ಕೈಗೆ ತುರಿಕೆ ತರುತ್ತದೆ, ಎಣ್ಣೆ ಸವರಿಕೊಳ್ಳಿರಿ. ಎರಡು ಮೂರು ಗೆಣ್ಣಿನ ತುಂಡುಗಳನ್ನು ನಾಲ್ಕೈದು ದಿನ ನೆರಳಲ್ಲಿ ಒಣಗಲು ಬಿಡಿರಿ. ಗಾಯ ಆರದೆ ನೆಟ್ಟರೆ ಮತ್ತೆ ಕೊಳೆಯುತ್ತದೆ. ನಮ್ಮ ಮೊದಲ ತುಂಡು ಹೀಗೆಯೇ ಹೋಯಿತು.

ಎರಡು ಪಾಲು ದಪ್ಪ ಉಸುಕು, ಒಂದು ಪಾಲು ಮಸಾರಿ ಮಣ್ಣು, ತಳದಲ್ಲಿ ತೂತಿರುವ ಮಣ್ಣಿನ ಕುಂಡ. ಒಂದು ಗೆಣ್ಣು ಮಣ್ಣೊಳಗೆ ಇರಲಿ. ಮೊದಲ ವಾರ ನೀರು ಬೇಡ. ಆಮೇಲೂ ಬೆರಳು ಚುಚ್ಚಿ ನೋಡಿ, ಎರಡು ಅಂಗುಲ ಒಣಗಿದ್ದರೆ ಮಾತ್ರ ಹಾಕಿರಿ.

ಔಷಧದ ಮಾತು. ಎಳೆಯ ಕುಡಿಯನ್ನು ಎಣ್ಣೆಯಲ್ಲಿ ಚೆನ್ನಾಗಿ ಹುರಿದು ಹುಣಸೆಹುಳಿ ಸೇರಿಸಿ ಚಟ್ನಿ ಮಾಡುವುದು ವಾಡಿಕೆ. ಹಸಿಯಾಗಿ ತಿಂದರೆ ಆಕ್ಸಲೇಟ್ ಹರಳುಗಳು ಗಂಟಲು ಕೆರೆಯುತ್ತವೆ. ಆದರೆ ಮೂಳೆ ಮುರಿದರೆ ಮೊದಲು ಆಸ್ಪತ್ರೆ, ಎಕ್ಸ್‌ರೇ. ಬಳ್ಳಿ ಅರೆದು ಕಟ್ಟಿ ಕಾಯುತ್ತ ಕೂತರೆ ಮೂಳೆ ಸೊಟ್ಟಗೆ ಕೂಡಿಕೊಂಡೀತು. ಗರ್ಭಿಣಿಯರು ವೈದ್ಯರನ್ನು ಕೇಳದೆ ತಿನ್ನಬಾರದು.

ನಾಲ್ಕು ತುಂಡುಗಳಲ್ಲಿ ಎರಡು ಚಿಗುರಿದವು. ಒಂದು ನಮ್ಮ ಜಗಲಿಯಲ್ಲಿದೆ. ಇನ್ನೊಂದನ್ನು ಆ ತಾಯಿಯ ಮೊಮ್ಮಗ ತನ್ನ ಹಿತ್ತಲ ಬೇಲಿಗೆ ಒಯ್ದಿದ್ದಾನೆ.