ಕಲ್ಲು ಸಿಕ್ಕರೆ ಮುಚ್ಚಬೇಡಿ

ಹೋದ ಬೇಸಿಗೆ ರಜೆಯಲ್ಲಿ ಮುಳಬಾಗಿಲು ತಾಲ್ಲೂಕಿನ ನಮ್ಮ ಮಾಮು ಮನೆಗೆ ಹೋಗಿದ್ದೆ. ಹೊಸ ಮನೆಗೆ ಪಾಯ ತೆಗೆಯುವಾಗ ಜೆಸಿಬಿಗೆ ಒಂದು ಚಪ್ಪಡಿ ಸಿಕ್ಕಿತು. ಮಣ್ಣು ಒರೆಸಿದರೆ ಕತ್ತಿ ಹಿಡಿದ ಮನುಷ್ಯ, ಪಕ್ಕದಲ್ಲಿ ದನಗಳು, ಮೇಲೆ ಸವೆದ ಅಕ್ಷರಗಳು. "ಮುಚ್ಚಿಬಿಡಿ ಸಾಬ್ರೇ, ಆರ್ಕಿಯಾಲಜಿಯವರಿಗೆ ಗೊತ್ತಾದ್ರೆ ಸೈಟೇ ಹೋಗುತ್ತೆ" ಎಂದರು ಮೇಸ್ತ್ರಿ. ಪಕ್ಕದ ಮನೆ ಅಜ್ಜಿ ಮಾತ್ರ ಅರಿಶಿನ ಕುಂಕುಮ ತಂದು ಹಚ್ಚಿ ಕೈಮುಗಿದರು.

ಫೋಟೋ ನೋಡಿದ ನಮ್ಮ ಇತಿಹಾಸದ ಸರ್, ಅದು ವೀರಗಲ್ಲು ಎಂದರು. ಊರಿನ ದನಗಳನ್ನು ಹೊಡೆದುಕೊಂಡು ಹೋಗಲು ಬಂದವರ ಜೊತೆ ಹೋರಾಡಿ ಸತ್ತವರ ನೆನಪಿಗೆ ಇಂಥ ಕಲ್ಲು ನಿಲ್ಲಿಸುತ್ತಿದ್ದರು. ನಮ್ಮ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ 1905ರಲ್ಲೇ ಎಪಿಗ್ರಾಫಿಯಾ ಕರ್ನಾಟಿಕದ 10ನೇ ಸಂಪುಟದಲ್ಲಿ ಪ್ರಕಟಿಸಿದ್ದಾರೆ.

ಮೇಸ್ತ್ರಿ ಭಯಕ್ಕೂ ಕಾರಣವಿದೆ. 2010ರ ತಿದ್ದುಪಡಿಯಂತೆ ಕೇಂದ್ರದ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆ ಇನ್ನೂ 200 ಮೀಟರ್‌ವರೆಗೆ ಅನುಮತಿ ಬೇಕು. ಕೋಲಾರಮ್ಮ, ಸೋಮೇಶ್ವರ ದೇವಸ್ಥಾನಗಳ ಸುತ್ತ ಇರುವವರಿಗೆ ಇದು ಗೊತ್ತಿರುವ ವಿಷಯ. ಆದರೆ ಕಲ್ಲು ಸಿಕ್ಕ ಮಾತ್ರಕ್ಕೆ ಜಾಗ ಸಂರಕ್ಷಿತವಾಗುವುದಿಲ್ಲ. 1958ರ ಕಾಯ್ದೆಯಂತೆ ಸರ್ಕಾರ ಮೊದಲು ಅಧಿಸೂಚನೆ ಹೊರಡಿಸಬೇಕು; ಆಕ್ಷೇಪಣೆ ಸಲ್ಲಿಸಲು ಎರಡು ತಿಂಗಳು ಕೊಡಬೇಕು. ಅಂದರೆ ಜನರ ಮಾತಿಗೆ ಕಾಯ್ದೆಯಲ್ಲೇ ಜಾಗವಿದೆ. ಇದನ್ನು ಊರಿಗೆ ಬಂದು ಹೇಳುವವರು ಕಡಿಮೆ. ಅದಕ್ಕೇ ಕಲ್ಲುಗಳು ಪಾಯದೊಳಗೆ ಸೇರುತ್ತವೆ.

ಮಾತಾಡಿದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನ ಹೆಬ್ಬಾಳ ಸಾಕ್ಷಿ. ಅಲ್ಲಿ 2018ರಲ್ಲಿ ಸಿಕ್ಕ ಕಿತ್ತಯ್ಯನ ಕಲ್ಲು ಸುಮಾರು ಕ್ರಿ.ಶ. 750ರದು. ಶಾಸನಾಸಕ್ತರು ಓದಿ ಅರ್ಥ ಹೇಳಿದ ಮೇಲೆ ಸ್ಥಳೀಯರೂ ಕೈಜೋಡಿಸಿದರು, ಕಲ್ಲಿಗೆ ಮಂಟಪವಾಯಿತು. ಮಿಥಿಕ್ ಸೊಸೈಟಿ 2021ರಿಂದ ಬೆಂಗಳೂರು ಭಾಗದ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದೆ.

ಅಕ್ಷರ ಓದುವುದು ಪುರಾತತ್ವದವರಿಗೆ ಗೊತ್ತು. ಕಲ್ಲು ಮೊದಲು ಎಲ್ಲಿತ್ತು, ಆ ಹೊಲಕ್ಕೆ ಏನು ಹೆಸರು, ಯಾರು ಪೂಜೆ ಮಾಡುತ್ತಿದ್ದರು ಎಂಬುದು ಊರವರಿಗೆ ಗೊತ್ತು. ಅಜ್ಜಿಯ ಕುಂಕುಮ ಅಕ್ಷರದ ಮೇಲೆ ಕೂತರೆ ಓದಲು ಕಷ್ಟ ನಿಜ. ಆದರೆ ಅಜ್ಜಿಯಂಥವರ ಭಕ್ತಿಯಿಂದಲೇ ಎಷ್ಟೋ ಕಲ್ಲುಗಳು ಉಳಿದಿವೆ. ಆದ್ದರಿಂದ ಬೈಯುವುದಕ್ಕಿಂತ ಕೂತು ಮಾತಾಡುವುದು ಲೇಸು.

ನಿಮ್ಮೂರಲ್ಲಿ ಇಂಥ ಕಲ್ಲು ಕಂಡರೆ ಬಣ್ಣ, ಸಿಮೆಂಟ್ ಬಳಿಯಬೇಡಿ. ಫೋಟೋ ತೆಗೆದು, ಜಾಗ ಬರೆದಿಟ್ಟು, ಪಂಚಾಯಿತಿಗೂ ನಮ್ಮ ಸರ್‌ಗೂ ತಿಳಿಸಿ. ಮಾಮು ಕಲ್ಲನ್ನು ಮುಚ್ಚಲಿಲ್ಲ. ಅದೀಗ ಕಾಂಪೌಂಡ್ ಪಕ್ಕದಲ್ಲಿ ನಿಂತಿದೆ. ಅಜ್ಜಿ ಈಗ ಕುಂಕುಮ ಹಚ್ಚುವುದಿಲ್ಲ, ಬುಡದಲ್ಲಿ ಹೂವು ಇಡುತ್ತಾರೆ.