ಸೀತಾಳೆ ದಂಡೆ ಹೂ ಬಿಟ್ಟಿದ್ದು ನಾಲ್ಕನೇ ವರ್ಷ

ನಮ್ಮ ತೀರ್ಥಹಳ್ಳಿ ಕಡೆ ಮಳೆಗಾಲದ ಗಾಳಿಗೆ ಕೊಂಬೆ ಮುರಿಯೋದು ಹೊಸತಲ್ಲ. ಆ ವರ್ಷ ಬಿದ್ದ ಹಲಸಿನ ಕೊಂಬೆಯ ಮೇಲೆ ಎರಡು ಸೀತಾಳೆ ಗಿಡ ಇದ್ದವು. 'ಬಂದಳಿಕೆ, ಎಸಿ ಆಚೆ' ಅಂದ್ರು ಅಪ್ಪಯ್ಯ. ಬಂದಳಿಕೆ ಮರದ ರಸ ಹೀರುತ್ತದೆ. ಸೀತಾಳೆ ಮರವನ್ನು ಬರೀ ಹಿಡಿದುಕೊಂಡಿರುತ್ತದೆ, ಅಷ್ಟೆ.

ಮೊದಲ ಗಿಡವನ್ನು ನಾನೇ ಕೊಂದೆ. ಕುಂಡಕ್ಕೆ ಮಣ್ಣು, ಗೊಬ್ಬರ ತುಂಬಿ ದಿನಾ ನೀರು ಹಾಕಿದೆ. ಬೇರು ಕೊಳೆತು ಗಿಡ ಕೈಗೇ ಬಂತು. ಇದರ ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು.

ಎರಡನೆಯದನ್ನು ಬೇರು ಬಿಡಿಸದೆ, ಕೊಂಬೆಯ ತುಂಡಿನ ಸಮೇತ ಜಗಲಿಯಲ್ಲಿ ನೇತುಹಾಕಿದೆ. ಮೂರು ವರ್ಷ ಬರೀ ಎಲೆ. ಕಡುಹಸಿರು ಎಲೆ ನೋಡಿ ಖುಷಿಪಡ್ತಿದ್ದೆ, ಅಲ್ಲೇ ಎಡವಿದ್ದು! ಎಲೆ ಅಷ್ಟು ಕಪ್ಪಾದರೆ ಬೆಳಕು ಸಾಲ್ತಿಲ್ಲ ಎಂದರ್ಥ. ಬೆಳಗಿನ ಎಳೆಬಿಸಿಲು ಬೀಳುವ ಪೇರಲೆ ಮರಕ್ಕೆ ಕಟ್ಟಿದೆ. ಒಮ್ಮೆಲೇ ಬಿಸಿಲಿಗಿಟ್ಟರೆ ಎಲೆ ಸುಡುತ್ತೆ. ಎರಡು ಮೂರು ವಾರ ತಗೊಂಡು ಸರಿಸಿ.

ನೀರು ಬೇಕೋ ಬೇಡವೋ, ಬೇರೇ ಹೇಳುತ್ತೆ. ಬೆಳ್ಳಗಿದ್ದರೆ ಸಿಂಪಡಿಸಿ, ಹಸಿರಾಗಿದ್ದರೆ ಬಿಡಿ. ಚಳಿಗಾಲದಲ್ಲಿ ನೀರು ಕಡಿಮೆ, ಗೊಬ್ಬರ ಬೇಡ. ಸುಳಿಯಲ್ಲಿ ನೀರು ನಿಂತರೆ ಕೊಳೆಯುತ್ತೆ, ಗಿಡ ವಾಲಿಕೊಂಡೇ ಇರಲಿ. ಕಾಡಿನಿಂದ ಮಾತ್ರ ಕೀಳಬೇಡಿ. ತೋಟದಲ್ಲಿ ಬಿದ್ದ ಕೊಂಬೆ, ಇಲ್ಲಾಂದ್ರೆ ನರ್ಸರಿಯಲ್ಲಿ ಬೆಳೆಸಿದ ಗಿಡ ಸಾಕು.

ಹೋದ ವರ್ಷ ಮೇ ಕೊನೆಗೆ ಎಲೆಯ ಸಂದಿಯಿಂದ ದಂಡೆ ಇಳಿಯಿತು, ಬಿಳಿಗೆ ನೇರಳೆ ಚುಕ್ಕೆ, ನರಿಬಾಲದಂಥ ಗೊಂಚಲು. ಈಗ ಮರ ಸವರುವಾಗ ಕೊಂಬೆಯ ಮೇಲೆ ಏನಾದ್ರೂ ಕಂಡರೆ ಅಪ್ಪಯ್ಯ ಕತ್ತಿ ಕೆಳಗಿಟ್ಟು ನನಗೆ ಫೋನ್ ಮಾಡ್ತಾರೆ.